ಹೆಸರನ್ನು ಮಾರಬಹುದು, ಊರನ್ನು ಮಾರಲಾದೀತೆ?

ನಮ್ಮ ಕಡೆಯ ಯಾವ ಹಳ್ಳಿಗೆ ಹೋಗಿ ತೇರು ಯಾರದೆಂದು ಕೇಳಿದರೂ ಊರಿನದು ಎಂಬ ಉತ್ತರವೇ ಬರುತ್ತದೆ. ಅದಕ್ಕೆ ಮರ ಕೊಟ್ಟವನು ಒಬ್ಬ, ಗಾಲಿಗೆ ಕಬ್ಬಿಣದ ಪಟ್ಟಿ ಹೊಡೆಸಿದವನು ಇನ್ನೊಬ್ಬ, ಹಗ್ಗ ಹೊಸೆದವರು ಬೇರೊಂದು ಕೇರಿಯವರು, ಎಳೆಯುವವರು ಎಲ್ಲರೂ. ಹೀಗಿರುವಾಗ ಒಬ್ಬ ಹಣವಂತನು ಬಂದು, "ನಾಲ್ಕು ವರ್ಷದಿಂದ ತೇರಿನ ಖರ್ಚನ್ನು ನಾನೇ ಕೊಡುತ್ತಿದ್ದೇನೆ. ಇಲ್ಲಿ ಹುಂಡಿಗೆ ಬೀಳುವ ಕಾಸು ಸಾಲದು. ಆದಕಾರಣ ತೇರನ್ನು ಇಪ್ಪತ್ತು ಹರಿದಾರಿ ಆಚೆಯ ಪೇಟೆಗೆ ಸಾಗಿಸಿ ಬೇರೆ ಹೆಸರಿನಿಂದ ಎಳೆಸುತ್ತೇನೆ" ಎಂದರೆ ಊರಿನವರು ಏನೆನ್ನುತ್ತಾರೆ? ಅವನ ಬುದ್ಧಿಗೆ ಏನೋ ಆಗಿದೆ ಎನ್ನುತ್ತಾರೆ.

ಆದರೆ ತೇರಿನ ಜಾಗದಲ್ಲಿ ಫುಟ್‌ಬಾಲ್ ತಂಡವೊಂದನ್ನು ಇಟ್ಟು ನೋಡಿದರೆ ಇದು ಕಟ್ಟುಕತೆಯಲ್ಲ. ಇಂಗ್ಲೆಂಡಿನಲ್ಲಿ, ಈ ಶತಮಾನದ ಮೊದಲ ವರ್ಷಗಳಲ್ಲಿ, ಕಾಯಿದೆಯ ಒಪ್ಪಿಗೆಯೊಂದಿಗೆ ನಡೆದುಹೋದ ಸಂಗತಿ. ಆಟದ ವಿಷಯ ನಮ್ಮ ಪತ್ರಿಕೆಗೇಕೆ ಎಂದು ಓದುಗರು ಕೇಳಬಹುದು. ಹತ್ತು ಜನ ಕೂಡಿ ಬೆಳೆಸಿದ ವಸ್ತುವಿಗೆ ಒಡೆಯನಾರು ಎಂಬ ಪ್ರಶ್ನೆ ಎಲ್ಲಿ ಏಳುತ್ತದೆಯೋ ಅಲ್ಲಿ ನಮಗೆ ಕೆಲಸವಿದೆ. ಅದು ಹೊಲದಲ್ಲಿ ಏಳಲಿ, ಗಿರಣಿಯಲ್ಲಿ ಏಳಲಿ, ಮೈದಾನದಲ್ಲಿ ಏಳಲಿ.

ಶಾಲೆಯ ಹುಡುಗರು ಕಟ್ಟಿದ ತಂಡ

ಲಂಡನ್ನಿನ ನೈಋತ್ಯ ಭಾಗದಲ್ಲಿ ವಿಂಬಲ್ಡನ್ ಎಂಬ ಊರಿದೆ. ಟೆನಿಸ್ ಪಂದ್ಯಗಳಿಂದಾಗಿ ಅದರ ಹೆಸರು ನಮ್ಮವರಿಗೂ ಗೊತ್ತು. ಅಲ್ಲಿಯ ಓಲ್ಡ್ ಸೆಂಟ್ರಲ್ ಶಾಲೆಯ ಹಳೆಯ ವಿದ್ಯಾರ್ಥಿಗಳು 1889ರಲ್ಲಿ ಒಂದು ಫುಟ್‌ಬಾಲ್ ತಂಡವನ್ನು ಕಟ್ಟಿದರು. ಊರ ಹೊರಗಿನ ಸಾರ್ವಜನಿಕ ಬಯಲೇ ಅವರ ಮೊದಲ ಮೈದಾನ. 1912ರಲ್ಲಿ ಪ್ಲೌ ಲೇನ್ ಎಂಬ ಬೀದಿಯಲ್ಲಿ ತಂಡಕ್ಕೆ ಸ್ವಂತ ಮೈದಾನವಾಯಿತು. ಅರವತ್ತೈದು ವರ್ಷಗಳ ಕಾಲ ಕೆಳಗಿನ ಪಂಕ್ತಿಗಳಲ್ಲೇ ಆಡುತ್ತಿದ್ದ ಈ ತಂಡವನ್ನು 1977ರಲ್ಲಿ ಫುಟ್‌ಬಾಲ್ ಲೀಗಿಗೆ ಸೇರಿಸಿಕೊಂಡರು. ಒಂಬತ್ತೇ ವರ್ಷಗಳಲ್ಲಿ, ಅಂದರೆ 1986ರಲ್ಲಿ, ಅದು ದೇಶದ ಮೊದಲನೆಯ ದರ್ಜೆಗೆ ಏರಿತು. 1988ರ ಎಫ್.ಎ. ಕಪ್ಪಿನ ಅಂತಿಮ ಪಂದ್ಯದಲ್ಲಿ ಬಲಾಢ್ಯವಾದ ಲಿವರ್‌ಪೂಲ್ ತಂಡವನ್ನು 1-0ರಿಂದ ಸೋಲಿಸಿತು. ಗೋಲು ಹೊಡೆದವರು ಲಾರಿ ಸ್ಯಾಂಚೆಜ್. ಎದುರಾಳಿಯ ಪೆನಾಲ್ಟಿ ಹೊಡೆತವನ್ನು ತಡೆದವರು ಗೋಲ್‌ಕೀಪರ್ ಡೇವ್ ಬೆಸೆಂಟ್. ಆ ಕಪ್ಪಿನ ಅಂತಿಮ ಪಂದ್ಯಗಳಲ್ಲಿ ಅಂಥ ಹೊಡೆತವನ್ನು ತಡೆದದ್ದು ಅದೇ ಮೊದಲು.

ಇಂಥ ತಂಡಕ್ಕೆ ಕೇಡು ಬಂದದ್ದು ಸೋಲಿನಿಂದಲ್ಲ, ನೆಲದ ಬೆಲೆಯಿಂದ.

1989ರಲ್ಲಿ ಷೆಫೀಲ್ಡಿನ ಹಿಲ್ಸ್‌ಬರೋ ಮೈದಾನದಲ್ಲಿ ಕಾಲ್ತುಳಿತವಾಗಿ 97 ಮಂದಿ ಪ್ರಾಣ ಕಳೆದುಕೊಂಡರು. ಆ ಬಳಿಕ ನ್ಯಾಯಾಧೀಶ ಟೇಲರ್ ಅವರು ಕೊಟ್ಟ ವರದಿಯ ಮೇಲೆ, ಮೇಲಿನ ದರ್ಜೆಯ ಮೈದಾನಗಳಲ್ಲೆಲ್ಲ ಪ್ರೇಕ್ಷಕರಿಗೆ ಕೂರುವ ಆಸನಗಳೇ ಇರಬೇಕೆಂದು ನಿಯಮವಾಯಿತು. ನಿಯಮ ನ್ಯಾಯವಾದದ್ದೇ. ಆದರೆ ಪ್ಲೌ ಲೇನಿನ ಹಳೆಯ ಕಟ್ಟೆಗಳು ಅದಕ್ಕೆ ಒಗ್ಗಲಿಲ್ಲ. ಆಗಿನ ಒಡೆಯರಾದ ಶ್ರೀ ಸ್ಯಾಮ್ ಹಮ್ಮಾಮ್ ಅವರು 1991ರಲ್ಲಿ ತಂಡವನ್ನು ಕ್ರಿಸ್ಟಲ್ ಪ್ಯಾಲೆಸ್ ತಂಡದ ಮೈದಾನಕ್ಕೆ ಬಿಡಾರ ಸಾಗಿಸಿದರು. ತಾತ್ಕಾಲಿಕವೆಂದು ಹೇಳಿದ ಆ ಬಿಡಾರ ಹನ್ನೆರಡು ವರ್ಷ ನಡೆಯಿತು. ಈ ನಡುವೆ 1998ರಲ್ಲಿ ಪ್ಲೌ ಲೇನನ್ನು ಒಂದು ಸೂಪರ್ ಮಾರ್ಕೆಟ್ ಕಂಪನಿಗೆ ಮಾರಲಾಯಿತು. ಊರಿನವರ ವಿರೋಧದಿಂದ ಅಂಗಡಿಯೇನೋ ಏಳಲಿಲ್ಲ. ಕೊನೆಗೆ ಅಲ್ಲಿ ಮನೆಗಳ ಮಹಡಿಗಳು ಎದ್ದವು. ನಮ್ಮಲ್ಲಿ ಗೋಮಾಳ ಹೋದ ಕತೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಮೊದಲು ನೆಲ ಹೋಗುತ್ತದೆ. ನೆಲ ಹೋದ ಮೇಲೆ ದನ ಏಕೆ ಎಂದು ಕೇಳುತ್ತಾರೆ.

ಇಬ್ಬರ ಕೈ ಮೇಲಾಯಿತು

1997ರಲ್ಲಿ ನಾರ್ವೆ ದೇಶದ ಇಬ್ಬರು ಸಿರಿವಂತರು ತಂಡವನ್ನು ಕೊಂಡಿದ್ದರು. 2000ದಲ್ಲಿ ತಂಡ ಮೊದಲನೆಯ ದರ್ಜೆಯಿಂದ ಕೆಳಕ್ಕೆ ಇಳಿಯಿತು, ನಷ್ಟ ಬೆಳೆಯಿತು. 2001ರ ಆಗಸ್ಟ್ ತಿಂಗಳಲ್ಲಿ ಅಧ್ಯಕ್ಷ ಶ್ರೀ ಚಾರ್ಲ್ಸ್ ಕೊಪೆಲ್ ಅವರು, ತಂಡವು 56 ಮೈಲಿ ದೂರದ ಮಿಲ್ಟನ್ ಕೀನ್ಸ್ ಪಟ್ಟಣಕ್ಕೆ ಹೋಗುವುದೆಂದು ಸಾರಿದರು. ಮಿಲ್ಟನ್ ಕೀನ್ಸ್ ಎಂಬುದು 1967ರಲ್ಲಿ ಸರ್ಕಾರವೇ ಗುರುತು ಹಾಕಿ ಕಟ್ಟಲು ತೊಡಗಿದ ಹೊಸ ಪಟ್ಟಣ. ಅಲ್ಲಿ ಶ್ರೀ ಪೀಟ್ ವಿಂಕಲ್‌ಮನ್ ಅವರ ಮುಂದಾಳುತನದ ಕೂಟವೊಂದು, ದೊಡ್ಡ ದೊಡ್ಡ ಅಂಗಡಿಗಳ ಜೊತೆಯಲ್ಲಿ ಕ್ರೀಡಾಂಗಣವನ್ನೂ ಕಟ್ಟುವ ಯೋಜನೆ ಹೂಡಿತ್ತು. ಕ್ರೀಡಾಂಗಣಕ್ಕೆ ಒಂದು ತಂಡ ಬೇಕಿತ್ತು. ತಂಡವನ್ನು ಬೆಳೆಸಲು ಕಾಲ ಬೇಕು. ಕೊಳ್ಳುವುದಕ್ಕೆ ಹಣವಿದ್ದರೆ ಸಾಕು.

ಫುಟ್‌ಬಾಲ್ ಲೀಗು ಮೊದಲು ಇದನ್ನು ನಿರಾಕರಿಸಿತು. ಕಂಪನಿ ಬಿಡಲಿಲ್ಲ, ಪಂಚಾಯಿತಿಗೆ ಹೋಯಿತು. ಕೊನೆಗೆ ಮೂವರ ಆಯೋಗವೊಂದು ಕುಳಿತು, 2002ರ ಮೇ 28ರಂದು, ಇಬ್ಬರು ಹೌದು ಒಬ್ಬರು ಬೇಡ ಎಂಬ ಲೆಕ್ಕದಲ್ಲಿ ಅಪ್ಪಣೆ ಕೊಟ್ಟಿತು. 113 ವರ್ಷದ ತಂಡವನ್ನು ಅದರ ಊರಿನಿಂದ ಕಿತ್ತುಹಾಕಲು ಒಂದು ಕೈ ಹೆಚ್ಚಾದದ್ದೇ ಸಾಕಾಯಿತು. ಮಳೆಯಲ್ಲಿ ನೆನೆದು, ಬಿಡುವಿನ ದಿನದ ಕೂಲಿಯಲ್ಲಿ ಟಿಕೆಟು ಕೊಂಡು, ತಂದೆಯ ಕೈ ಹಿಡಿದು ಬಂದು ಮಗನ ಕೈ ಹಿಡಿದು ಮತ್ತೆ ಬಂದ ಆ ಸಾವಿರಾರು ಜನಕ್ಕೆ ಅಲ್ಲಿ ಒಂದು ಮತವೂ ಇರಲಿಲ್ಲ.

2003ರ ಸೆಪ್ಟೆಂಬರಿನಲ್ಲಿ ತಂಡ ಮಿಲ್ಟನ್ ಕೀನ್ಸ್‌ಗೆ ಹೋಯಿತು. 2004ರಲ್ಲಿ ಹೆಸರು, ಲಾಂಛನ, ಬಣ್ಣ ಎಲ್ಲವೂ ಬದಲಾಗಿ 'ಮಿಲ್ಟನ್ ಕೀನ್ಸ್ ಡಾನ್ಸ್' ಎಂದಾಯಿತು. ವಿಂಬಲ್ಡನ್ನಿನ ಜನ ತಮ್ಮ ತಂಡವನ್ನು ಪ್ರೀತಿಯಿಂದ ಕರೆಯುತ್ತಿದ್ದುದು 'ಡಾನ್ಸ್' ಎಂದು. ಮನೆ ಹೋಯಿತು, ಮಗ ಹೋದ. ಕೊನೆಗೆ ಮಗನ ಮುದ್ದಿನ ಹೆಸರೂ ಪರರ ಪಾಲಾಯಿತು.

ಜನ ಸುಮ್ಮನೆ ಕೂರಲಿಲ್ಲ

ಇಲ್ಲಿಂದ ಮುಂದಿನ ಭಾಗವನ್ನು ನಮ್ಮ ಕಾರ್ಯಕರ್ತರು ಗಮನವಿಟ್ಟು ಓದಬೇಕು.

ಆಯೋಗದ ತೀರ್ಪು ಬಂದ ಕೆಲವೇ ದಿನಗಳಲ್ಲಿ ವಿಂಬಲ್ಡನ್ನಿನ ಅಭಿಮಾನಿಗಳು ಸಭೆ ಸೇರಿ, ಎ.ಎಫ್.ಸಿ. ವಿಂಬಲ್ಡನ್ ಎಂಬ ಹೊಸ ತಂಡವನ್ನು ಕಟ್ಟುವ ನಿಶ್ಚಯ ಮಾಡಿದರು. ಆಟಗಾರರಿರಲಿಲ್ಲ, ಮೈದಾನವಿರಲಿಲ್ಲ. ಮೊದಲ ತಂಡ ಹುಟ್ಟಿದ ಅದೇ ಸಾರ್ವಜನಿಕ ಬಯಲಿನಲ್ಲಿ ಆಟಗಾರರ ಆಯ್ಕೆಯೆಂದು ಡಂಗುರ ಹೊಡೆದರು. ಸುಮಾರು 230 ಹುಡುಗರು ಬಂದರು. 2002ರ ಜುಲೈ 10ರಂದು ಮೊದಲ ಪಂದ್ಯ. ಸಟನ್ ತಂಡದ ಎದುರು 4-0ರಿಂದ ಸೋತರು. ಆದರೆ ನೋಡಲು ಬಂದಿದ್ದವರು 4,657 ಮಂದಿ! ಅದೇ ವರ್ಷ ಅಕ್ಟೋಬರಿನಲ್ಲಿ, ಲೀಗಿನಲ್ಲಿ ಇನ್ನೂ ಉಳಿದಿದ್ದ ಹಳೆಯ ತಂಡದ ಪಂದ್ಯವೊಂದಕ್ಕೆ ಬಂದವರು 849 ಮಂದಿ ಮಾತ್ರ. ಹೆಸರಿನ ಪತ್ರ ಒಡೆಯನ ಪೆಟ್ಟಿಗೆಯಲ್ಲಿತ್ತು. ತಂಡ ಜನರ ಜೊತೆಯಲ್ಲಿ ಎದ್ದು ನಡೆದಿತ್ತು.

ಹೊಸ ತಂಡದ ಒಡೆತನದ ಏರ್ಪಾಡು ಇನ್ನೂ ಮುಖ್ಯವಾದದ್ದು. ಅಭಿಮಾನಿಗಳ ಸಂಘವಾದ ಡಾನ್ಸ್ ಟ್ರಸ್ಟಿನ ಕೈಯಲ್ಲಿ ಬಹುಪಾಲು ಒಡೆತನವಿದೆ. ಚಂದಾ ಕೊಟ್ಟ ಸದಸ್ಯನಿಗೆ ಒಂದು ಮತ. ಹೆಚ್ಚು ಹಣ ಹಾಕಿದವನಿಗೂ ಒಂದೇ ಮತ. ನಮ್ಮ ಸಹಕಾರಿ ಸಂಘಗಳ ಮೂಲತತ್ವವೂ ಇದೇ; ನಾವು ಅದನ್ನು ಎಷ್ಟರಮಟ್ಟಿಗೆ ಉಳಿಸಿಕೊಂಡಿದ್ದೇವೆ ಎಂಬುದು ಬೇರೆ ಮಾತು.

ಈ ತಂಡ 2003ರಿಂದ 2004ರವರೆಗೆ ಲೀಗಿನ 78 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಒಂಬತ್ತು ವರ್ಷಗಳಲ್ಲಿ ಐದು ಮೆಟ್ಟಿಲು ಏರಿ 2011ರಲ್ಲಿ ಫುಟ್‌ಬಾಲ್ ಲೀಗನ್ನು ಸೇರಿತು. 2020ರ ನವೆಂಬರ್ 3ರಂದು, ಹಳೆಯ ಜಾಗಕ್ಕೆ ಕೂಗಳತೆಯಲ್ಲಿ, ಅದೇ ಪ್ಲೌ ಲೇನ್ ಬೀದಿಯಲ್ಲಿ, ಒಂಬತ್ತು ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ತನ್ನದೇ ಮೈದಾನದಲ್ಲಿ ಆಡಿತು. ಕಟ್ಟಡಕ್ಕೆ ಹಣ ಸಾಲದಾದಾಗ ಹೊರಗಿನ ಬಂಡವಾಳಗಾರರಿಗೆ ಒಡೆತನವನ್ನು ಒಪ್ಪಿಸಿಬಿಡುವ ಬದಲು, ಅಭಿಮಾನಿಗಳೇ ಸಾಲಪತ್ರ ಕೊಂಡು 50 ಲಕ್ಷ ಪೌಂಡಿಗೂ ಮೀರಿ ಕೂಡಿಸಿದರು. ಸಾಂಕ್ರಾಮಿಕ ರೋಗದ ಕಾಲವಾದುದರಿಂದ ಮೊದಲ ಪಂದ್ಯದ ದಿನ ಒಬ್ಬ ಪ್ರೇಕ್ಷಕನನ್ನೂ ಒಳಗೆ ಬಿಡಲಿಲ್ಲ. ಇಪ್ಪತ್ತೊಂಬತ್ತು ವರ್ಷ ಕಾದ ಜನ ಇನ್ನಷ್ಟು ತಿಂಗಳು ಕಾದರು.

ಆಕ್ಷೇಪಣೆಗಳು

ಒಡೆಯರ ಪಕ್ಷದ ಮಾತನ್ನೂ ಕೇಳಬೇಕು. ತಂಡ ನಷ್ಟದಲ್ಲಿತ್ತು, ಊರಿನಲ್ಲಿ ಮೈದಾನವಿರಲಿಲ್ಲ, ಹೋಗದಿದ್ದರೆ ಮುಳುಗುತ್ತಿತ್ತು ಎಂಬುದು ಅವರ ವಾದ. ಮೈದಾನವನ್ನು ಮಾರಿದ್ದು ಜನರಲ್ಲ, ಒಡೆಯರೇ. ಬಾವಿಯನ್ನು ತಾವೇ ಮುಚ್ಚಿಸಿ, ಇಲ್ಲಿ ನೀರಿಲ್ಲ, ಊರು ಬಿಡಿ ಎಂದಂತಾಯಿತು. ಅಷ್ಟಾಗಿಯೂ ಉಳಿಯಿತೆ? ಹಳೆಯ ಕಂಪನಿ 2003ರಲ್ಲೇ ದಿವಾಳಿಯ ಬಾಗಿಲಿಗೆ ಬಂದು ಆಡಳಿತಾಧಿಕಾರಿಗಳ ಕೈ ಸೇರಿತು.

ಮಿಲ್ಟನ್ ಕೀನ್ಸ್‌ನ ಜನಕ್ಕೂ ತಂಡ ಬೇಡವೆ ಎಂಬುದು ಎರಡನೆಯ ವಾದ. ಖಂಡಿತ ಬೇಕು. ಆದರೆ ಆ ದೇಶದಲ್ಲಿ ಕೆಳಗಿನ ಪಂಕ್ತಿಯಲ್ಲಿ ಗೆದ್ದವನು ಮೇಲಕ್ಕೆ ಏರುವ, ಸೋತವನು ಇಳಿಯುವ ಏರ್ಪಾಡಿದೆ. ಯಾವ ಊರಾದರೂ ತನ್ನ ತಂಡವನ್ನು ತಳದಿಂದ ಕಟ್ಟಿ ಏರಬಹುದು. ವಿಂಬಲ್ಡನ್ನಿನವರು ಎರಡು ಸಲ ಏರಿ ತೋರಿಸಿದ್ದಾರೆ. ಅಲ್ಲಿಯ ಮಕ್ಕಳ ಮೇಲೆ ನಮಗೆ ದ್ವೇಷವಿಲ್ಲ. ಕದ್ದ ಮಾಲೆಂದು ತಿಳಿಯದೆ ಉಡುಗೊರೆ ಪಡೆದ ಮಗು ಕಳ್ಳನಾಗುವುದಿಲ್ಲ. 2007ರಲ್ಲಿ ಮಿಲ್ಟನ್ ಕೀನ್ಸ್ ತಂಡದವರು ವಿಂಬಲ್ಡನ್ನಿನ ಚರಿತ್ರೆ ತಮ್ಮದಲ್ಲವೆಂದು ಒಪ್ಪಿ, ಕಪ್ಪು ಪಾರಿತೋಷಕಗಳನ್ನು ಮರ್ಟನ್ ಪುರಸಭೆಗೆ ಹಿಂದಿರುಗಿಸಿದರು. ಇದನ್ನೂ ಮೆಚ್ಚಿ ಹೇಳಬೇಕು. 2025ರ ಮೇ ತಿಂಗಳಲ್ಲಿ ಎ.ಎಫ್.ಸಿ. ವಿಂಬಲ್ಡನ್ ಮತ್ತೆ ಮೂರನೆಯ ದರ್ಜೆಗೆ ಏರಿದಾಗ ಮಿಲ್ಟನ್ ಕೀನ್ಸ್ ತಂಡ ನಾಲ್ಕನೆಯದರಲ್ಲೇ ಉಳಿದಿತ್ತು.

ಜನರ ತಂಡದ ತಪ್ಪನ್ನು ಮುಚ್ಚಿಡುವುದೂ ಸರಿಯಲ್ಲ. ಎ.ಎಫ್.ಸಿ. ವಿಂಬಲ್ಡನ್ ತನ್ನ ಆರಂಭದ ವರ್ಷಗಳಲ್ಲಿ ಆಡಿದ ಕಿಂಗ್ಸ್‌ಮೆಡೊ ಮೈದಾನವು ಮೂಲತಃ ಕಿಂಗ್‌ಸ್ಟೋನಿಯನ್ ಎಂಬ ಪುಟ್ಟ ತಂಡದ ಮನೆ. ಅದರ ಹಕ್ಕನ್ನು ವಿಂಬಲ್ಡನ್ನಿನವರು ಕೊಂಡರು. ಕಿಂಗ್‌ಸ್ಟೋನಿಯನ್ನರು ಅಲ್ಲೇ ಬಾಡಿಗೆಗೆ ಉಳಿದರು. ಮುಂದೆ ತಮ್ಮ ಹೊಸ ಮೈದಾನಕ್ಕೆ ಹಣ ಹೊಂದಿಸಲು ವಿಂಬಲ್ಡನ್ನಿನವರು ಅದನ್ನು ಸಿರಿವಂತ ಚೆಲ್ಸಿ ತಂಡಕ್ಕೆ ಮಾರಿದರು. 2017ರಲ್ಲಿ ಕಿಂಗ್‌ಸ್ಟೋನಿಯನ್ ಮನೆ ಬಿಟ್ಟು ಅಲೆಯುವಂತಾಯಿತು. ಮನೆ ಕಳೆದುಕೊಂಡ ದುಃಖವನ್ನು ಅನುಭವಿಸಿದವರೇ ಇನ್ನೊಬ್ಬರನ್ನು ಹೊರಗೆ ಹಾಕಿದರು. ಒಡೆತನ ಜನರ ಕೈಗೆ ಬಂದ ಮಾತ್ರಕ್ಕೆ ನೆರೆಯವನ ನೋವು ತಾನಾಗಿ ಕಾಣುವುದಿಲ್ಲ. ಅದನ್ನು ನೋಡುವ ಅಭ್ಯಾಸವನ್ನೂ ಬೆಳೆಸಿಕೊಳ್ಳಬೇಕು. ಈ ಪಾಠ ಇಂಗ್ಲೆಂಡಿಗಷ್ಟೇ ಸಂಬಂಧಿಸಿದ್ದಲ್ಲ.

ನಮ್ಮ ದೇಶದ ಮಾತು

ನಮ್ಮಲ್ಲಿ 2014ರಿಂದ ನಡೆದ ಇಂಡಿಯನ್ ಸೂಪರ್ ಲೀಗಿನಲ್ಲಿ ತಂಡವೆಂದರೆ ಪರವಾನಗಿ. ಡೆಲ್ಲಿ ಡೈನಮೋಸ್ ತಂಡ 2019ರಲ್ಲಿ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಂದಾಯಿತು. ಅದೇ ವರ್ಷ ಪುಣೆ ತಂಡ ಮುಚ್ಚಿ ಅದರ ಜಾಗಕ್ಕೆ ಹೈದರಾಬಾದ್ ಬಂತು. 2025ರಲ್ಲಿ ಹೈದರಾಬಾದಿನದು ದೆಹಲಿಗೆ ಹೋಯಿತು. ಪುಣೆಯ ಹುಡುಗನು ಯಾರಿಗೆ ಜಯಕಾರ ಹಾಕಬೇಕು? ಇಲ್ಲಿ ಆಯೋಗವೂ ಕೂರಲಿಲ್ಲ.

ಆದರೆ ಕಲ್ಕತ್ತೆಯನ್ನು ನೋಡಿರಿ. ವಿಂಬಲ್ಡನ್ ಹುಟ್ಟಿದ ಅದೇ 1889ರಲ್ಲಿ ಹುಟ್ಟಿ, 1911ರಲ್ಲಿ ಬರಿಗಾಲಿನಲ್ಲಿ ಆಡಿ ಬ್ರಿಟಿಷ್ ಪಟಾಲಮನ್ನು ಸೋಲಿಸಿ ಐ.ಎಫ್.ಎ. ಷೀಲ್ಡ್ ಗೆದ್ದ ಮೋಹನ್ ಬಾಗಾನ್ ತಂಡದ ಹೆಸರಿನ ಮುಂದೆ 2020ರಲ್ಲಿ ಬೇರೊಂದು ತಂಡದ 'ಎ.ಟಿ.ಕೆ.' ಎಂಬ ಹೆಸರು ಬಂದು ಕುಳಿತಿತು. ಅಭಿಮಾನಿಗಳು ಮೂರು ವರ್ಷ ಬಿಡದೆ ಕೂಗಿದರು. 2023ರಲ್ಲಿ ಆ ಹೆಸರು ಹೋಯಿತು. ಆದರೆ ಕಂಪನಿಯ ಬಾಲವೊಂದು ಹಿಂದೆ ಅಂಟಿಕೊಂಡಿತು. ಅರ್ಧ ಜಯ ಅರ್ಧವೇ. ಆದರೂ ಜಯವೇ.

ಹಾಗಾದರೆ ಏನು ಮಾಡತಕ್ಕದ್ದು? ಜರ್ಮನಿಯ ಲೀಗಿನಲ್ಲಿ, ಕೆಲವು ವಿನಾಯಿತಿಗಳ ಹೊರತು, ತಂಡದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸದಸ್ಯರ ಸಂಘದ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ಇಂಗ್ಲೆಂಡಿನಲ್ಲಿ 2025ರಲ್ಲಿ ಕಾಯಿದೆಯಾಗಿ, ಸ್ವತಂತ್ರ ನಿಯಂತ್ರಣಾಧಿಕಾರಿಯ ಒಪ್ಪಿಗೆಯಿಲ್ಲದೆ ತಂಡವು ತನ್ನ ಮೈದಾನವನ್ನು ಮಾರುವಂತಿಲ್ಲ, ಬಿಟ್ಟು ಹೋಗುವಂತಿಲ್ಲ ಎಂದಾಗಿದೆ. ವಿಂಬಲ್ಡನ್ನಿನ ಜನ ಅತ್ತು ಸುಮ್ಮನಾಗಿದ್ದರೆ ಇಂಥ ಕಾಯಿದೆಯ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ನಮ್ಮಲ್ಲೂ ಇಂಥ ನಿಯಮವಾಗಬೇಕು. ಹೆಸರು, ಬಣ್ಣ, ಮೈದಾನ, ಊರು, ಈ ನಾಲ್ಕನ್ನು ಅಭಿಮಾನಿ ಸದಸ್ಯರ ಮತವಿಲ್ಲದೆ ಮುಟ್ಟಕೂಡದು.

ಷೇರುಪತ್ರವುಳ್ಳವನು ಕುರ್ಚಿಗಳನ್ನು ಹೊತ್ತುಕೊಂಡು ಹೋಗಲಿ, ದೀಪದ ಕಂಬಗಳನ್ನು ಕಿತ್ತುಕೊಂಡು ಹೋಗಲಿ. ಗೋಲು ಬಿದ್ದಾಗ ಏಳುವ ಆ ಕೂಗು ಯಾರ ದಸ್ತೈವಜಿನಲ್ಲೂ ಬರೆದಿಲ್ಲ. ತೇರನ್ನು ಎಳೆದವರು ಹಗ್ಗ ಬಿಟ್ಟ ದಿನ ಒಡೆಯನ ಬಳಿ ಉಳಿಯುವುದು ಮರ ಮಾತ್ರ.