ನೆನಪು ನಮ್ಮದು, ಬೂಷ್ಟು ಅಮ್ಮನದು

ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಹಳೇ ಬಟ್ಟೆಯ ಮಾತು ಬಂತು. ಒಬ್ಬ, ಮೊದಲ ಸಂಬಳದಲ್ಲಿ ತಗೊಂಡ ಜೀನ್ಸ್ ಇನ್ನೂ ಎಸೆದಿಲ್ಲ ಅಂದ. ಒಬ್ಬಳು ಹೈಸ್ಕೂಲಿನ ರಿಬ್ಬನ್ ಕೂಡ ಇಟ್ಟಿದ್ದೇನೆ ಅಂದಳು. ಮೂರನೆಯವನ ಹತ್ತಿರ ಬಿಇ ಓದುವಾಗಿನ ಡ್ರಾಫ್ಟರ್, ವರ್ಕ್‌ಶಾಪಿನ ಖಾಕಿ ಅಂಗಿ, ಎಂಟೂ ಸೆಮಿಸ್ಟರಿನ ನೋಟ್ಸು ಎಲ್ಲ ಇದೆಯಂತೆ. ಮೂವರೂ ಸ್ವಲ್ಪ ಭಾವುಕರಾದರು. ನಾನು ಕೇಳಿದೆ, 'ಈಗ ಅದೆಲ್ಲ ಎಲ್ಲಿದೆ?'

ಮೂವರದ್ದೂ ಒಂದೇ ಉತ್ತರ: 'ಊರಲ್ಲಿ.'

ನನ್ನ ತಕರಾರು ಇರುವುದು ಇಲ್ಲೇ. ನಮ್ಮ ಬೆಂಗಳೂರಿನ ಫ್ಲ್ಯಾಟಿನ ಕಪಾಟಿನಲ್ಲಿ ಆನ್‌ಲೈನಿನಲ್ಲಿ ತರಿಸಿದ ಹೊಸ ಬಟ್ಟೆಗೇ ಜಾಗ ಸಾಲುವುದಿಲ್ಲ. ಹಾಗಾಗಿ ಎಸೆಯಲು ಮನಸ್ಸಿಲ್ಲದ್ದನ್ನೆಲ್ಲ ಊರಿಗೆ ಸಾಗಿಸಿ, 'ನನಗೆ ಹಳೇ ವಸ್ತುಗಳ ಮೇಲೆ ತುಂಬಾ ಪ್ರೀತಿ' ಅಂತ ಹೇಳಿಕೊಂಡು ತಿರುಗುತ್ತೇವೆ. ಇದಕ್ಕೆ ಪ್ರೀತಿ ಅನ್ನಬೇಡಿ ಸ್ವಾಮಿ. ಇದು ಬಿಟ್ಟಿ ಗೋಡೌನು. ಅದರ ಮೇಲ್ವಿಚಾರಕಿ ಅರವತ್ತು ದಾಟಿದ, ಮಂಡಿನೋವಿನ ನಮ್ಮಮ್ಮ.

'ಊರಲ್ಲಿ ಜಾಗ ಇದೆಯಲ್ಲ, ಒಂದು ಮೂಲೆಯಲ್ಲಿ ಇರ್ಲಿ ಬಿಡಿ' ಅನ್ನುವವರಿದ್ದಾರೆ. ಅವರು ಒಮ್ಮೆ ಭಟ್ಕಳ, ಹೊನ್ನಾವರ, ಕುಮಟಾ ಕಡೆ ಆಟಿ ತಿಂಗಳಲ್ಲಿ ಬಂದು ನೋಡಬೇಕು. ವರ್ಷಕ್ಕೆ ಸರಾಸರಿ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಸೀಮೆ ಇದು. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಉಟ್ಟ ಬಟ್ಟೆಯೇ ಒಣಗುವುದಿಲ್ಲ, ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಹೊಗೆಯಲ್ಲಿ ಆರಿಸಬೇಕು. ಮಡಚಿಟ್ಟ ಬಟ್ಟೆಗೆ ಎರಡು ವಾರದಲ್ಲಿ ಬೂಷ್ಟು. ಕಬ್ಬಿಣದ ಕೊಂಡಿ ಉಪ್ಪುಗಾಳಿಗೆ ತುಕ್ಕು ಹಿಡಿದು, ಆ ತುಕ್ಕು ಬಟ್ಟೆಗೂ ಇಳಿಯುತ್ತದೆ. ಒರಲೆ, ಜಿರಲೆ, ಇಲಿಗಳ ಕತೆ ಬೇರೆ. ಇಲ್ಲಿ ಯಾವ ವಸ್ತುವೂ ಒಂದು ಮೂಲೆಯಲ್ಲಿ ಸುಮ್ಮನೆ ಇರುವುದಿಲ್ಲ. ಯಾರೋ ಅದನ್ನು ತೆಗೆದು, ಕೊಡವಿ, ಬಿಸಿಲು ಕಾಣಿಸಿ, ನುಸಿಗುಳಿಗೆ ಬದಲಿಸಿ, ಮತ್ತೆ ಮಡಚಿ ಇಟ್ಟರೆ ಮಾತ್ರ ಇರುತ್ತದೆ.

ಇದು ನನಗೆ ಗೊತ್ತಾದದ್ದು ನನ್ನದೇ ತಪ್ಪಿನಿಂದ.

ಅಪ್ಪ ತೀರಿಕೊಂಡದ್ದು 2017ರಲ್ಲಿ. ಹದಿಮೂರರ ಊಟ ಮುಗಿದ ಮೇಲೆ ಆಯಿ (ನಮ್ಮಲ್ಲಿ ಅಮ್ಮನಿಗೆ ಹಾಗೇ ಅನ್ನುವುದು) ಅವನ ಬಟ್ಟೆಗಳನ್ನು ಜಗಲಿಯ ಮೇಲೆ ಹರವಿ, ತೋಟದ ಕೆಲಸಕ್ಕೆ ಬರುವವರಿಗೆ ಕೊಡಲು ಪಾಲು ಮಾಡುತ್ತಿದ್ದಳು. ನಾನು ಕೂಗಾಡಿಬಿಟ್ಟೆ. ಹನ್ನೊಂದು ಅಂಗಿ, ನಾಲ್ಕು ಪಂಚೆ, ಒಂದು ಸ್ವೆಟರು, ಎಚ್‌ಎಂಟಿ ವಾಚು, ಎಲ್ಲವನ್ನೂ ತಗಡಿನ ಟ್ರಂಕಿಗೆ ತುಂಬಿ, 'ಇದನ್ನು ಯಾರೂ ಮುಟ್ಟಬೇಡಿ' ಅಂದೆ. ಅದೇ ರಾತ್ರಿ ಸ್ಲೀಪರ್ ಬಸ್ಸು ಹತ್ತಿದೆ. ಆಮೇಲೆ ವರ್ಷಕ್ಕೆ ಎರಡು ಸಲ ಬಂದು ಟ್ರಂಕು ತೆಗೆದು, ಮೂಸಿ, ಕಣ್ಣೊರೆಸಿಕೊಂಡು, ಮುಚ್ಚುತ್ತಿದ್ದೆ. ಮೊದಮೊದಲು ಅಪ್ಪನ ವಾಸನೆ ಇತ್ತು. ಆಮೇಲಾಮೇಲೆ ಬರೀ ನುಸಿಗುಳಿಗೆಯದ್ದು. ಆ ಗುಳಿಗೆಯನ್ನು ತಂದು ಹಾಕುವವರು ಯಾರು ಅಂತ ನಾನು ಒಮ್ಮೆಯೂ ಕೇಳಲಿಲ್ಲ.

2022ರ ಆಗಸ್ಟ್ 2 ನಮ್ಮ ಕಡೆಯವರಿಗೆ ಮರೆಯುವ ದಿನವಲ್ಲ. ಆ ಮಳೆಗೆ ಭಟ್ಕಳ ಪೇಟೆಯೇ ನೀರಲ್ಲಿ ನಿಂತಿತ್ತು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಸತ್ತರು. ನಮ್ಮದು ಅಲ್ಲಿಂದ ಒಳಗೆ, ಹೊಳೆ ಪಕ್ಕದ ತೋಟದ ಊರು. ರಾತ್ರಿಯಿಡೀ ಫೋನ್ ಸಿಗಲಿಲ್ಲ. ಬೆಳಿಗ್ಗೆ ಸಿಕ್ಕಾಗ ಆಯಿ ಹೇಳಿದ ಮೊದಲ ಮಾತು: 'ನಿನ್ನ ಟ್ರಂಕಿಗೆ ನೀರು ತಾಗಿದ್ದಿಲ್ಲೆ ತಮಾ. ಹೆದ್ರಡ.'

ಅಂಗಳಕ್ಕೆ ಬಂದ ನೀರು ಜಗಲಿಗೆ ಏರುವಾಗ, ಕರೆಂಟಿಲ್ಲದ ಕತ್ತಲಲ್ಲಿ, ಆ ತಗಡಿನ ಟ್ರಂಕನ್ನು ಒಬ್ಬಳೇ ಅಟ್ಟದ ಮೆಟ್ಟಿಲ ತನಕ ಎಳೆದಿದ್ದಳು. ಮೂರು ತಿಂಗಳು ಸೊಂಟ ಹಿಡಿದಿತ್ತು. ಗಂಡನ ಬಟ್ಟೆ ಅಂತ ಅವಳು ಎಳೆಯಲಿಲ್ಲ, ಗಮನಿಸಿ. ಅವಳ ಲೆಕ್ಕದಲ್ಲಿ ಅದು 'ನಿನ್ನ ಟ್ರಂಕು'. ಗಂಡನ ಬಟ್ಟೆಯನ್ನು ಅವಳು 2017ರಲ್ಲೇ ಬಿಟ್ಟುಕೊಡಲು ತಯಾರಿದ್ದಳು.

ನಮ್ಮ ಕಂಪನಿಗಳಲ್ಲಿ ಒಂದು ಸಣ್ಣ ಸರ್ವೀಸಿಗೂ ಓನರ್ ಯಾರು, ರಾತ್ರಿ ಕೆಟ್ಟರೆ ಆನ್‌ಕಾಲ್ ಯಾರು ಅಂತ ಬರೆದಿಡುತ್ತೇವೆ. ಓನರ್ ನಾನು, ಆನ್‌ಕಾಲ್ ಮಾತ್ರ ವರ್ಷದ 365 ದಿನವೂ ಇನ್ನೊಬ್ಬರು ಅಂದರೆ ಯಾವ ಮ್ಯಾನೇಜರೂ ಒಪ್ಪಲ್ಲ. ಮನೆಯಲ್ಲಿ ಮಾತ್ರ ಅದೇ ವ್ಯವಸ್ಥೆಯನ್ನು ಸೆಂಟಿಮೆಂಟ್ ಅನ್ನುತ್ತೇವೆ.

ಹಾಗಾದರೆ ಎಲ್ಲ ಎಸೆಯಿರಿ ಅಂತೀಯಾ, ಅಂದರೆ ಅದೂ ಅಲ್ಲ. 2019ರಲ್ಲಿ ನೆಟ್‌ಫ್ಲಿಕ್ಸಿನಲ್ಲಿ ಮಾರಿ ಕೊಂಡೊ ಬಂದ ಮೇಲೆ ನಮ್ಮಲ್ಲಿ ಅರ್ಧ ಜನ, ಕೈಯಲ್ಲಿ ಹಿಡಿದಾಗ ಖುಷಿ ಕೊಡದ್ದನ್ನೆಲ್ಲ ಮನೆಯಿಂದಾಚೆ ಹಾಕುವ ವ್ರತ ಹಿಡಿದರು. ಆ ಹೆಂಗಸಿನ ಪುಸ್ತಕದಲ್ಲಿ, ಅಪ್ಪ ಅಮ್ಮನ ಮನೆಯನ್ನು ನೆನಪಿನ ಉಗ್ರಾಣ ಮಾಡಿಕೊಳ್ಳಬೇಡಿ ಅಂತಲೂ ಇದೆ. ನಮ್ಮವರು ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕಲಿತರು. ಆದರೆ ಹಳೇ ಬಟ್ಟೆಯನ್ನು ಮನೆಯಲ್ಲಿ ಉಡಲು ಇಟ್ಟುಕೊಳ್ಳಬಾರದು ಅನ್ನುವ ಅವಳ ಮಾತು ಮಾತ್ರ ನನಗೆ ಒಪ್ಪಿಗೆ ಇಲ್ಲ. ಮತ್ತೆ, ಎಸೆದದ್ದು 'ದಾನ' ಆಗಿಬಿಡುತ್ತದೆ ಅನ್ನುವ ಸಮಾಧಾನವೂ ಬೇಡ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯ ರಸ್ತೆ ಬದಿಯಲ್ಲಿ, ದೇಶದ ಮೂಲೆಮೂಲೆಯಿಂದ ಬಂದ ಹಳೇ ಬಟ್ಟೆ ರಾಶಿ ರಾಶಿ ಬಿದ್ದಿತ್ತು. ಎಲ್ಲ ಕಳಕೊಂಡವರೂ ನಮ್ಮ ಕಸವನ್ನು ಉಡಲಿಲ್ಲ.

ನಮ್ಮ ಹಿಂದಿನವರಿಗೆ ಈ ಎರಡೂ ಗೊತ್ತಿರಲಿಲ್ಲ. ಅಮೆರಿಕದ ಅಂತರ್ಯುದ್ಧದ ಹೊತ್ತಿಗೆ, 1860ರ ದಶಕದಲ್ಲಿ, ಧಾರವಾಡದ ಕಡೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗೇರುತ್ತಿತ್ತು. ಆ ಹತ್ತಿಯ ಜಾತಿಗೇ 'ಕುಮಟಾ' ಅಂತ ಹೆಸರು ಬಿತ್ತು. ಹತ್ತಿ ಹೀಗೆ ಊರ ಮುಂದೆಯೇ ಹಾದು ಹೋದರೂ ನಮ್ಮಜ್ಜಿಯ ಕಾಲದ ತನಕ ಮನೆಯಲ್ಲಿ ಬಟ್ಟೆ ಮಾತ್ರ ಎಣಿಸಿ ಇಟ್ಟಷ್ಟೇ. ಅಜ್ಜಿಯ ಸೀರೆ ಹಳತಾದ ಮೇಲೆ ತೊಟ್ಟಿಲಿಗೆ ಹೋಗುತ್ತಿತ್ತು, ಅಲ್ಲಿಂದ ಬಾಣಂತಿ ಕೋಣೆಗೆ, ಅಲ್ಲಿಂದ ಮಸಿಬಟ್ಟೆಗೆ, ಕಡೆಗೆ ದೀಪದ ಬತ್ತಿಗೆ. ನಮ್ಮದೇ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಇವತ್ತಿಗೂ ಹಳೇ ಬಟ್ಟೆಯ ತುಂಡುಗಳನ್ನು ಅಂಚಿನಿಂದ ನಡುವಿಗೆ ಹೊಲಿಯುತ್ತಾ ಹೋಗಿ ಕವಂದಿ ಮಾಡುತ್ತಾರೆ. ಅದನ್ನು ಹೊದ್ದು ಮಲಗುತ್ತಾರೆ. ಇವರ್ಯಾರೂ ಬಟ್ಟೆಯನ್ನು ನೆನಪಿಗಾಗಿ ಮುಚ್ಚಿಡಲಿಲ್ಲ, ಬೇಜಾರಾಯಿತು ಅಂತ ಎಸೆಯಲೂ ಇಲ್ಲ. ಸವೆಯುವ ತನಕ ಬಳಸಿದರು, ಅಷ್ಟೇ.

'ನಮ್ಮಮ್ಮನೇ ಬಿಡಲ್ಲ ಕಣ್ರೀ' ಅನ್ನುವವರಿಗೆ: ಇರಬಹುದು. ಅವಳದ್ದನ್ನು ಅವಳು ಇಟ್ಟುಕೊಳ್ಳಲಿ, ಅದು ಅವಳ ಹಕ್ಕು. ಆದರೆ ಅವಳು ಇಟ್ಟಿರುವುದು ತನಗಾಗಿಯೋ, ನೀವು ಬೇಜಾರು ಮಾಡಿಕೊಳ್ಳುತ್ತೀರಿ ಅಂತಲೋ? ಒಮ್ಮೆಯಾದರೂ ಕೇಳಿದ್ದೀರಾ?

ನಾನು ಆ ದೀಪಾವಳಿಗೆ ಕೇಳಿದೆ. ಆಯಿ ಸ್ವೆಟರನ್ನು ಮಾತ್ರ ತಗೊಂಡಳು, ಬೆಳಗಿನ ಜಾವದ ಚಳಿಗೆ. ಎರಡು ಅಂಗಿ ನಾನು ತಂದೆ, ಶನಿವಾರ ಭಾನುವಾರ ಮನೆಯಲ್ಲಿ ಹಾಕುತ್ತೇನೆ. ಒಂದರ ಕಾಲರ್ ಆಗಲೇ ಹರಿದಿದೆ, ಇನ್ನು ಬೈಕ್ ಒರೆಸಲಿಕ್ಕೆ. ವಾಚನ್ನು ಕಟ್ಟಿಕೊಂಡಿದ್ದೇನೆ. ಕೀಲಿ ಕೊಡುವ ವಾಚು, ದಿನಾ ಬೆಳಿಗ್ಗೆ ಕೊಡದಿದ್ದರೆ ನಿಲ್ಲುತ್ತದೆ. ಐದು ವರ್ಷ ಟ್ರಂಕಿನಲ್ಲಿ ನಿಂತೇ ಇತ್ತು ಪಾಪ.

ಉಳಿದ ಅಂಗಿಗಳನ್ನು ಆಯಿ ಕೊಡಬೇಕೆಂದಿದ್ದವರಿಗೇ ಕೊಟ್ಟಳು. ಮರುವರ್ಷ ಕೊನೆ ಕೊಯ್ಲಿನ ಹೊತ್ತಿಗೆ ಹೋದಾಗ, ಕೊನೆಗೌಡ ಅಪ್ಪನ ನೀಲಿ ಗೆರೆಯ ಅಂಗಿ ತೊಟ್ಟು ಅಡಿಕೆ ಮರದ ತುದಿಯಲ್ಲಿದ್ದ. ಬೆನ್ನು ಪೂರ್ತಿ ಬೆವರು. ಒಂದು ಕ್ಷಣ ನನಗೆ ಗಂಟಲು ಕಟ್ಟಿತು, ನಿಜ. ಟ್ರಂಕು ಮೂಸಿದಾಗ ಯಾವತ್ತೂ ಹಾಗೆ ಆಗಿರಲಿಲ್ಲ.

ನೀವೂ ಈ ಸಲ ಹಬ್ಬಕ್ಕೆ ಊರಿಗೆ ಹೋಗ್ತೀರಲ್ಲ. ಹೋಗುವಾಗ ಒಂದು ಖಾಲಿ ಬ್ಯಾಗು ತಗೊಂಡು ಹೋಗಿ.