ಸೂಜಿ ಹಾಕಿದ ಎಮ್ಮೆಯ ಹಾಲು

ಗುರುಮಠಕಲ್ಲಿನ ಅಣ್ಣಂದಿರೇ, ಅಕ್ಕಂದಿರೇ, ಎಮ್ಮೆಗೆ ಕೆಚ್ಚಲು ಬಾವು ಬಂದರೆ ವೈದ್ಯರಿಂದ ಸೂಜಿ ಹಾಕಿಸಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ನನ್ನ ಮಾತು ಮರುದಿನ ಹಿಂಡಿದ ಹಾಲಿನ ಬಗ್ಗೆ. ಆ ಹಾಲಿಗೆ ಹೆಪ್ಪು ಹಾಕಿ ನೋಡಿ, ಎಷ್ಟೋ ಸಲ ಮೊಸರು ಕೂಡುವುದಿಲ್ಲ. ಎಮ್ಮೆಗೆ ಕೊಟ್ಟ ಆ್ಯಂಟಿಬಯಾಟಿಕ್ ಔಷಧ ಹಾಲಿಗಿಳಿದು ಹೆಪ್ಪಿನ ಸೂಕ್ಷ್ಮಜೀವಿಗಳನ್ನೇ ಕೊಂದಿರುತ್ತದೆ. ಕಾಯಿಸಿದರೂ ಅದು ಪೂರ್ತಿ ಹೋಗದು. ಆ ಹಾಲನ್ನು ನಮ್ಮ ಮಕ್ಕಳಿಗೆ ಹೇಗೆ ಕುಡಿಸೋಣ?

2018ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 6,432 ಹಾಲಿನ ಮಾದರಿಗಳ ಪೈಕಿ 77ರಲ್ಲಿ ಆ್ಯಂಟಿಬಯಾಟಿಕ್ ಮಿತಿ ಮೀರಿತ್ತು. ನೂರಕ್ಕೆ ಒಂದೇ ಅಲ್ಲವೇ ಎನ್ನಬೇಡಿ. ಅರೆಬರೆ ಔಷಧ ಕಂಡ ರೋಗಾಣು ಔಷಧಕ್ಕೇ ಬಗ್ಗದಂತಾಗುತ್ತದೆ. ಇಂಥ ರೋಗಾಣುಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂಬ ಅಂದಾಜಿದೆ.

ಹಾಲಿನಲ್ಲಿ ಔಷಧವನ್ನು ಪತ್ತೆ ಮಾಡುವುದು ಸುಲಭವಲ್ಲ, ನಿಜ. ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್‌ಗೆ ಅಂತರರಾಷ್ಟ್ರೀಯ ಮಿತಿ ಲೀಟರ್ ಹಾಲಿಗೆ 100 ಮೈಕ್ರೋಗ್ರಾಂ. ಕೊಬ್ಬು, ಪ್ರೋಟೀನುಗಳ ನಡುವಿನಿಂದ ಅಷ್ಟು ಚೂರನ್ನು ಹೆಕ್ಕಿ ತೆಗೆಯಬೇಕು. ಅದಕ್ಕೂ ದಾರಿಯಿದೆ. ಕಬ್ಬಿಣದ ಆಕ್ಸೈಡಿನ ಕಣಗಳ ಸುತ್ತ ಪಾಲಿಮರ್ ಬೆಳೆಸುವಾಗ ಔಷಧದ ಅಣುವನ್ನೇ ಅಚ್ಚಾಗಿಟ್ಟು, ಆಮೇಲೆ ತೊಳೆದು ತೆಗೆಯುತ್ತಾರೆ. ಅದರ ಆಕಾರದ ಕುಳಿಗಳು ಉಳಿಯುತ್ತವೆ. ಆ ಕಪ್ಪು ಪುಡಿಯನ್ನು ಹಾಲಿಗೆ ಹಾಕಿ ಅಲ್ಲಾಡಿಸಿದರೆ, ಔಷಧದ ಅಣುಗಳು ಬಂದು ಕುಳಿಗಳಲ್ಲಿ ಕೂರುತ್ತವೆ. ಸೀಸೆಯ ಹೊರಗೆ ಅಯಸ್ಕಾಂತ ಹಿಡಿದರೆ ಪುಡಿಯೆಲ್ಲ ಒಂದೇ ಬದಿಗೆ ಅಂಟುತ್ತದೆ. ಹಾಲು ಬಸಿದು, ಪುಡಿಯಲ್ಲಿ ಸಿಕ್ಕ ಔಷಧವನ್ನು ದ್ರಾವಕದಿಂದ ಬಿಡಿಸಿ ಯಂತ್ರದಲ್ಲಿ ಅಳೆಯುತ್ತಾರೆ. ರಕ್ತ, ಮೂತ್ರ, ಮಾಂಸಕ್ಕೂ ಇದೇ ವಿಧಾನ ನಡೆಯುತ್ತದೆ.

ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರೇ, ಈ ವಿದ್ಯೆ ಪ್ರಬಂಧಗಳಲ್ಲೇ ಉಳಿಯಬಾರದು. ಯಾದಗಿರಿ ಜಿಲ್ಲೆಯ ಹಾಲನ್ನು ಯಾದಗಿರಿಯಲ್ಲೇ ಪರೀಕ್ಷಿಸುವಂತೆ ಮಾಡಿ. ಡೇರಿಯಲ್ಲಿ ಫ್ಯಾಟ್, ಎಸ್‌ಎನ್‌ಎಫ್ ನೋಡಿ ದರ ಕಟ್ಟುವವರೇ, ಹಾಲಿನಲ್ಲಿ ಔಷಧ ಉಂಟೋ ಇಲ್ಲವೋ ಎಂಬುದನ್ನೂ ನೋಡಿ.

ಔಷಧ ಕೊಟ್ಟ ನಂತರ ಎಷ್ಟು ದಿನ ಹಾಲು, ಮಾಂಸ ಬಳಸದೆ ಬಿಡಬೇಕೆಂದು ಔಷಧದ ಡಬ್ಬಿಯ ಮೇಲೆ ಬರೆದಿರಲೇಬೇಕು. ಆ ಔಷಧಕ್ಕೆಂದೇ ಅವಧಿ ಗೊತ್ತುಮಾಡಿರದಿದ್ದರೆ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ ಎನ್ನುತ್ತದೆ ಕಾನೂನು. ಆದರೆ ಒಂದೇ ಎಮ್ಮೆಯ ಹಾಲಿನಲ್ಲಿ ಕಿರಾಣಿ ಸಾಮಾನು ತರುವ ಮನೆಗೆ ವಾರದ ಹಾಲು ಚೆಲ್ಲು ಅಂದರೆ ಆ ಮನೆಯವರು ಏನು ತಿನ್ನಬೇಕು? ಆ ವಾರದ ಹಣವನ್ನು ಹಾಲು ಒಕ್ಕೂಟ ಮತ್ತು ಸರ್ಕಾರ ಕೊಡಲಿ. ಔಷಧ ಅಂಗಡಿಯವರೇ, ವೈದ್ಯರ ಚೀಟಿಯಿಲ್ಲದೆ ಆ್ಯಂಟಿಬಯಾಟಿಕ್ ಕೊಡಬೇಡಿ. ಕೊಡುವಾಗ ಎಷ್ಟು ದಿನ ಹಾಲು ಬಿಡಬೇಕೆಂದು ಡಬ್ಬಿಯ ಮೇಲೆ ಕನ್ನಡದಲ್ಲಿ ಬರೆದುಕೊಡಿ, ಬೇಕಾದವರಿಗೆ ತೆಲುಗಿನಲ್ಲೂ ಉರ್ದುವಿನಲ್ಲೂ ಹೇಳಿ ಕಳಿಸಿ.