ಹದಿಮೂರಕ್ಕೆ ಕೂತ್ಕೊ, ನಲವತ್ತೈದಕ್ಕೆ ನಡಿ!



ನಮ್ಮ ಶಾಲೆಯ ಜಗಲಿ ಗೋಡೆಯ ಮೇಲೆ 'ಆರೋಗ್ಯವೇ ಭಾಗ್ಯ' ಎಂದು ನೀಲಿ ಬಣ್ಣದಲ್ಲಿ ಬರೆದಿದೆ. ಅದರ ಕೆಳಗೇ ಸಾಲಾಗಿ ಕೂತು ನಾವು ಹೆಣ್ಣುಮಕ್ಕಳು ಆಟದ ಪೀರಿಯಡ್ಡು ಕಳೆಯುತ್ತೇವೆ. ಹುಡುಗರು ಬ್ಯಾಟು ಹಿಡಿದು ಮೈದಾನಕ್ಕೆ ಓಡ್ತಾರೆ. ನಾವು ಅವರ ರನ್ನು ಬರೀತೀವಿ, ಚೆಂಡು ಬೇಲಿ ಆಚೆ ಹೋದರೆ ಹುಡುಕಿ ಕೊಡ್ತೀವಿ. ಈ ತಿಂಗಳ ಪತ್ರಿಕೆಗೆ 'ದೇಹದ ತೂಕ ಮತ್ತು ಒಳ್ಳೆಯ ಅಭ್ಯಾಸಗಳು' ಎಂಬ ವಿಷಯ ಕೊಟ್ಟಾಗ ಎಲ್ಲರೂ ಸೊಪ್ಪು, ಕ್ಯಾರೆಟ್ಟಿನ ಚಿತ್ರ ಬರೆಯಲು ಶುರು ಮಾಡಿದರು. ನಾನು ಜಗಲಿಯ ವಿಷಯ ಬರೆಯುತ್ತೇನೆ. ಯಾರೂ ಕೋಪ ಮಾಡಿಕೊಳ್ಳಬಾರದು.

ನಮ್ಮ ಊರಿನಲ್ಲಿ 30 ವರ್ಷ ದಾಟಿದವರಿಗೆ ಬಿ.ಪಿ., ಶುಗರ್ ಪರೀಕ್ಷೆ ಮಾಡುತ್ತಾರೆ. ಆಶಾ ಅಕ್ಕ ಮನೆಮನೆಗೆ ಬಂದು ಹೇಳಿ ಹೋಗ್ತಾರೆ. ಹೋದ ವರ್ಷ ನಮ್ಮ ದೊಡ್ಡಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಾಗ ತೂಕ 78 ಕೆ.ಜಿ. ಬಂತು. ಶುಗರ್ ಇದೆ ಎಂದೂ ಗೊತ್ತಾಯಿತು. ಡಾಕ್ಟರು ಮಾತ್ರೆ ಬರೆದುಕೊಟ್ಟು, "ತೂಕ ಇಳಿಸಬೇಕಮ್ಮ, ದಿನಾ ನಡೀಬೇಕು" ಎಂದರು. ದೊಡ್ಡಮ್ಮ ಮನೆಗೆ ಬಂದು ನಗುತ್ತಾ ಹೇಳಿದ್ದು ಹೀಗೆ: "ನಿನ್ನಷ್ಟು ಇದ್ದಾಗ ಓಡಿದ್ರೆ ನಮ್ಮಪ್ಪ ಬಯ್ಯೋರು. ದೊಡ್ಡೋಳಾದ್ಮೇಲೆ ಬೀದೀಲಿ ಏನೇ ಕುಣಿತ, ಒಳಗೆ ಕೂತ್ಕೊ ಅನ್ನೋರು. ಈಗ ನೋಡು, ಬಸ್ ಹತ್ತಿ ಆಸ್ಪತ್ರೆಗೆ ಹೋಗಿ ನಡಿ ಅನ್ನಿಸ್ಕೊಂಡು ಬಂದೆ!"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಯಾಕೆಂದರೆ ನನಗೆ ಈಗ ಹದಿಮೂರು. ಹೋದ ವರ್ಷದ ತನಕ ಕುಂಟೆಬಿಲ್ಲೆ, ಲಗೋರಿ ಆಡುತ್ತಿದ್ದ ನಮ್ಮ ಬೀದಿ ಹುಡುಗಿಯರು ಈಗ ಒಬ್ಬೊಬ್ಬರಾಗಿ ಬಾಗಿಲ ಹತ್ತಿರ ನಿಂತು ನೋಡುವವರಾಗಿದ್ದಾರೆ. ಮೂವತ್ತು ವರ್ಷ ಕೂರಿಸಿ, ಆಮೇಲೆ ಒಂದು ದಿನ ಎದ್ದು ನಡಿ ಎಂದರೆ ಯಾರ ಕಾಲು ಕೇಳುತ್ತೆ? ತೂಕ ಇಳಿಸುವ ಅಭ್ಯಾಸ ಆಸ್ಪತ್ರೆಯ ಚೀಟಿಯಲ್ಲಿ ಶುರುವಾಗಬಾರದು, ಶಾಲೆಯ ಮೈದಾನದಲ್ಲಿ ಶುರುವಾಗಬೇಕು ಎಂಬುದು ನನ್ನ ಅಭಿಪ್ರಾಯ.

ದೊಡ್ಡಮ್ಮ ಮೊದಲು ಏನು ಮಾಡಿದರು ಗೊತ್ತಾ? ಊಟ ಬಿಟ್ಟರು. ಬೆಳಿಗ್ಗೆ ಒಂದು ಲೋಟ ಟೀ, ಮಧ್ಯಾಹ್ನ ಅರ್ಧ ಮುದ್ದೆ, ರಾತ್ರಿ ಏನೂ ಇಲ್ಲ. ಹದಿನೈದು ದಿನಕ್ಕೆ 3 ಕೆ.ಜಿ. ಇಳಿಯಿತು. ಊರೆಲ್ಲಾ ಹೊಗಳಿತು. ಆದರೆ ಹೊಲಿಗೆ ಮಿಷನ್ ಮುಂದೆ ಕೂತಾಗ ತಲೆ ಸುತ್ತುತ್ತಿತ್ತು, ಸುಮ್ಮಸುಮ್ಮನೆ ನಮ್ಮ ಮೇಲೆ ರೇಗುತ್ತಿದ್ದರು. ಶುಗರ್‌ಗೆ ಕೆಲವು ಮಾತ್ರೆ ನುಂಗಿ ಊಟ ಬಿಟ್ಟರೆ ರಕ್ತದಲ್ಲಿ ಸಕ್ಕರೆ ತೀರಾ ಕೆಳಗೆ ಇಳಿದುಬಿಡುತ್ತದಂತೆ, ಅದು ಬಹಳ ಅಪಾಯ ಎಂದು ಡಾಕ್ಟರು ಬೈದರು. ಉಪವಾಸ ಬಿದ್ದರೆ ಕೊಬ್ಬು ಮಾತ್ರ ಕರಗುವುದಿಲ್ಲ, ಮಾಂಸಖಂಡವೂ ಕರಗುತ್ತದೆ. ಮೊದಲ ದಿನಗಳಲ್ಲಿ ಇಳಿಯುವ ತೂಕದಲ್ಲಿ ಬಹಳಷ್ಟು ಬರೀ ನೀರು. ಅಷ್ಟರಲ್ಲಿ ಯುಗಾದಿ ಬಂತು. ಹಸಿದ ಹೊಟ್ಟೆ ಹೋಳಿಗೆ ಕಂಡರೆ ಸುಮ್ಮನಿರುತ್ತಾ? ತಿಂಗಳೊಳಗೆ 3 ಕೆ.ಜಿ.ಯೂ ವಾಪಸ್ಸು.

ಆಮೇಲೆ ಯಾರೋ ಒಬ್ಬರು ಒಂದು ಡಬ್ಬಿ ಪುಡಿ ತಂದು ಮಾರಿದರು. ಊಟದ ಬದಲು ಹಾಲಿಗೆ ಕಲಸಿ ಕುಡೀಬೇಕಂತೆ. 2,400 ರೂಪಾಯಿ! ಆ ದುಡ್ಡಿಗೆ ನಮ್ಮ ಮನೆಗೆ ಎಷ್ಟು ತಿಂಗಳ ಹುರುಳಿಕಾಳು ಬರುತ್ತಿತ್ತೋ. ಡಬ್ಬಿ ಖಾಲಿಯಾದ ಮೇಲೆ ಇನ್ನೊಂದು ಡಬ್ಬಿ ಕೊಳ್ಳಲು ಯಾರ ಹತ್ತಿರ ದುಡ್ಡಿದೆ? ಈಗ ಅದರಲ್ಲಿ ಸಾಸಿವೆ ಇಟ್ಟಿದ್ದೇವೆ.

ಕೊನೆಗೆ ಉಳಿದದ್ದು ಹಾಲಿನ ಡೈರಿ. ನಮ್ಮ ಮನೆ ಹಾಲನ್ನು ಅಣ್ಣ ಬೈಕಿನಲ್ಲಿ ತೆಗೆದುಕೊಂಡು ಹೋಗುತ್ತಿದ್ದ. ಡೈರಿ ಇರುವುದು ಊರಾಚೆ, ಕೆರೆ ಏರಿ ದಾಟಿ, ಹೋಗಲು ಹದಿನೈದು ನಿಮಿಷ. "ಕ್ಯಾನು ನನಗೆ ಕೊಡೋ" ಎಂದು ದೊಡ್ಡಮ್ಮ ಕೇಳಿದರು. ಬೆಳಿಗ್ಗೆ ಹೋಗಿ ಬರಲು ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಮೊದಲು ಸುಮ್ಮನೆ ವಾಕಿಂಗ್ ಎಂದು ಹೊರಟಾಗ ಕಟ್ಟೆ ಮೇಲೆ ಕೂತವರು "ಏನ್ ಕೆಲ್ಸ ಇಲ್ದೆ ಓಡಾಡ್ತಾವ್ಳೆ" ಎಂದಿದ್ದರು. ಕೈಯಲ್ಲಿ ಕ್ಯಾನು ಇದ್ದರೆ ಯಾರೂ ಏನೂ ಅನ್ನುವುದಿಲ್ಲ! ಇದು ನನಗೆ ತಮಾಷೆಯಾಗಿಯೂ ಕಂಡಿತು, ಬೇಜಾರೂ ಆಯಿತು. ಹಸು ಹಾಲು ಕೊಡುವುದನ್ನು ಭಾನುವಾರ ಎಂದು ನಿಲ್ಲಿಸುವುದಿಲ್ಲವಲ್ಲ, ಹಾಗಾಗಿ ದೊಡ್ಡಮ್ಮನ ನಡಿಗೆಯೂ ತಪ್ಪಲಿಲ್ಲ. ಇವತ್ತು ಹೋಗಲೋ ಬೇಡವೋ ಎಂದು ಯೋಚಿಸಲು ಅವಕಾಶವೇ ಇಲ್ಲ. ಈಗ ಜೊತೆಗೆ ಇನ್ನಿಬ್ಬರು ಹೆಂಗಸರು ಸೇರಿದ್ದಾರೆ.

ಊಟದಲ್ಲಿ ದೊಡ್ಡದೇನೂ ಬದಲಾಗಲಿಲ್ಲ. ಮುದ್ದೆ ಇದೆ, ಸೊಪ್ಪಿನ ಸಾರು ಇದೆ, ಕಾಳು ಸ್ವಲ್ಪ ಜಾಸ್ತಿ, ಅನ್ನ ಸ್ವಲ್ಪ ಕಮ್ಮಿ. ಬದಲಾದದ್ದು ಟೀ. ದಿನಕ್ಕೆ ಐದು ಟೀ, ಒಂದಕ್ಕೆ ಎರಡು ಚಮಚ ಸಕ್ಕರೆ. ಒಂದು ಚಮಚ ಅಂದರೆ ಸುಮಾರು 5 ಗ್ರಾಂ. ಲೆಕ್ಕ ಹಾಕಿ ನೋಡಿ, 50 ಗ್ರಾಂ ಆಯಿತು! ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೊಡ್ಡಮ್ಮ ಒಂದೇ ಸಲ ಬಿಡಲಿಲ್ಲ. ಎರಡು ಚಮಚ ಒಂದೂವರೆ ಆಯಿತು, ಆಮೇಲೆ ಒಂದು, ಆಮೇಲೆ ಅರ್ಧ, ಈಗ ಪೂರ್ತಿ ಬಿಟ್ಟಿದ್ದಾರೆ. ಐದು ಟೀ ಮೂರಾಯಿತು. ಈಗ ಮದುವೆ ಮನೆಯ ಟೀ ಕುಡಿದರೆ "ಪಾಯಸ ಇದ್ದಂಗೈತೆ" ಅಂತಾರೆ.

ಏಳು ತಿಂಗಳಿಗೆ 78 ಇದ್ದದ್ದು 73 ಆಗಿದೆ. ಬರೀ 5 ಕೆ.ಜಿ.ಯಾ ಎಂದು ನಮ್ಮ ಕ್ಲಾಸಿನವರು ಕೇಳಿದರು. ಇದ್ದ ತೂಕದಲ್ಲಿ ನೂರಕ್ಕೆ ಐದು ಭಾಗ ಇಳಿದರೂ ಶುಗರ್ ಹತೋಟಿಗೆ ಅನುಕೂಲ ಎಂದು ಡಾಕ್ಟರು ಹೇಳಿದ್ದಾರೆ. ಹದಿನೈದು ದಿನದ 3 ಕೆ.ಜಿ. ಹೊಗಳಿದ ಊರು ಈ 5 ಕೆ.ಜಿ.ಯನ್ನು ನೋಡಲೇ ಇಲ್ಲ. ಇರಲಿ ಬಿಡಿ.

"ಹಳ್ಳಿ ಹೆಂಗಸರು ದಿನವೆಲ್ಲಾ ದುಡೀತಾರೆ, ಅವರಿಗೆ ಯಾಕೆ ವ್ಯಾಯಾಮ, ಅದೆಲ್ಲಾ ಪೇಟೆಯವರಿಗೆ" ಎಂದು ಕೆಲವರು ಕೇಳಬಹುದು. ಈ ಮಾತಿನಲ್ಲಿ ಸತ್ಯ ಇದೆ. ಕಳೆ ಕೀಳುವ, ನಾಟಿ ಮಾಡುವ ಹೆಂಗಸಿಗೆ ಬೇಕಾದದ್ದು ವಾಕಿಂಗ್ ಅಲ್ಲ, ವಿಶ್ರಾಂತಿ. ಆದರೆ ಎಲ್ಲರೂ ಹಾಗಿಲ್ಲ. ನಮ್ಮಜ್ಜಿ ರಾಗಿ ಬೀಸುತ್ತಿದ್ದರು, ನೀರು ಸೇದುತ್ತಿದ್ದರು. ಈಗ ಮಿಲ್ಲು ಬಂದಿದೆ, ಮನೆ ಮುಂದೆ ನಲ್ಲಿ ಇದೆ, ರುಬ್ಬಲು ಮಿಕ್ಸಿ ಇದೆ. ಇವು ಬೇಡ ಎಂದು ನಾನು ಹೇಳುವುದಿಲ್ಲ. ಬೀಸೋಕಲ್ಲು ಮತ್ತೆ ಬಂದರೆ ಬೀಸುವವಳು ನಾನೇ ತಾನೆ! ಕೆಲಸ ಹಗುರಾಗಿದ್ದು ಒಳ್ಳೆಯದೇ. ಆದರೆ ಉಳಿದ ಹೊತ್ತಿನಲ್ಲಿ ಗಂಡಸರಿಗೆ ವಾಲಿಬಾಲ್ ಇದೆ, ನಮಗೆ ಟಿ.ವಿ. ಮತ್ತು ಮೊಬೈಲು ಇದೆ.

ಇನ್ನು ನಮ್ಮ ಶಾಲೆಯ ವಿಷಯ. ಆರನೇ ತರಗತಿಯ ಒಬ್ಬ ತಂಗಿಯನ್ನು ಕೆಲವರು 'ಡುಮ್ಮಿ' ಎಂದು ಕೂಗುತ್ತಾರೆ. ಅವಳು ಎರಡು ವಾರದಿಂದ ಬಿಸಿಯೂಟಕ್ಕೆ ತಟ್ಟೆ ತರುತ್ತಿಲ್ಲ, ಹೊಟ್ಟೆನೋವು ಅಂತಾಳೆ. ನನಗೆ ಗೊತ್ತು, ಹೊಟ್ಟೆನೋವಲ್ಲ. ಶಾಲೆಗೆ ಆರೋಗ್ಯ ತಪಾಸಣೆಗೆ ಬಂದಿದ್ದ ಡಾಕ್ಟರು ಹೇಳಿದ್ದನ್ನು ಕೂಗುವವರು ಕೇಳಿಸಿಕೊಳ್ಳಲಿ. ಬೆಳೆಯುವ ಮಕ್ಕಳು ತೂಕ ಇಳಿಸಲೆಂದು ಊಟ ಬಿಡಲೇಬಾರದು. ಚೆನ್ನಾಗಿ ಆಡುತ್ತಾ, ಪ್ಯಾಕೆಟ್ ತಿಂಡಿ ಮತ್ತು ಬಣ್ಣದ ನೀರಿನ ಬಾಟಲಿ ಕಡಿಮೆ ಮಾಡಿದರೆ, ಎತ್ತರ ಬೆಳೆದಂತೆ ಎಷ್ಟೋ ಮಕ್ಕಳ ತೂಕ ತಾನಾಗಿಯೇ ಸರಿಹೋಗುತ್ತದೆ. ತೂಕ ಜಾಸ್ತಿ ಇದೆ ಎಂದರೆ ಶಕ್ತಿ ಜಾಸ್ತಿ ಇದೆ ಎಂದೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು 30 ಜನರ ತೂಕ ಇರಬೇಕಾದ್ದಕ್ಕಿಂತ ಹೆಚ್ಚು. ಅದೇ ನೂರರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ರಕ್ತಹೀನತೆ. ರಕ್ತ ಕಡಿಮೆ ಇರುವವರು ಊಟ ಬಿಟ್ಟರೆ ಏನಾಗುತ್ತದೆ, ನೀವೇ ಹೇಳಿ. ಆ ತಂಗಿ ನಾಳೆಯಿಂದ ನಮ್ಮ ಸಾಲಿನಲ್ಲಿ ಕೂತು ಊಟ ಮಾಡುತ್ತಾಳೆ. ಕೂಗುವವರ ಹೆಸರು ಈ ಸಲ ಬರೆದಿಲ್ಲ.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವ ಹಾಗೆ ಆಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಗಂಡುಮಕ್ಕಳು ಎಂದು ಹೇಳಿಲ್ಲ, ಮಕ್ಕಳು ಎಂದು ಹೇಳಿದೆ. ಹೋದ ವಾರ ನಾನು ಗಡಿಯಾರ ನೋಡಿ ಬರೆದುಕೊಂಡೆ. ನಮ್ಮ ತರಗತಿಗೆ ಆಟದ ಪೀರಿಯಡ್ಡು ಎರಡು, ಒಟ್ಟು 80 ನಿಮಿಷ. ಒಂದನ್ನು ಗಣಿತ ನುಂಗಿತು. (ಗಣಿತ ಮೇಷ್ಟ್ರೇ, ಕ್ಷಮಿಸಿ. ಭಿನ್ನರಾಶಿ ಕಷ್ಟ ಎಂದು ನಾವೇ ಕೇಳಿದ್ದೂ ನಿಜ.) ಉಳಿದ 40 ನಿಮಿಷದಲ್ಲಿ ಹುಡುಗಿಯರು ಮೈದಾನದಲ್ಲಿ ಇದ್ದದ್ದು 10 ನಿಮಿಷ, ಅದೂ ಪ್ಲಾಸ್ಟಿಕ್ ಆರಿಸಲು. ನಮಗೆ ದೈಹಿಕ ಶಿಕ್ಷಕರಿಲ್ಲ, ಅದು ನಿಮ್ಮ ತಪ್ಪಲ್ಲ ಎಂದು ನಮಗೆ ಗೊತ್ತು. ಆದರೆ ಖೋಖೋ ಆಡಲು ದೊಡ್ಡ ಸಾಮಾನೇನೂ ಬೇಡ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆದಾಗ ನಮ್ಮ ದೇಶದ ಮಹಿಳೆಯರ ತಂಡ ನೇಪಾಳವನ್ನು ಸೋಲಿಸಿ ಗೆದ್ದಿತು. ಆ ತಂಡದಲ್ಲಿದ್ದ ಬಿ. ಚೈತ್ರಾ ಅವರು ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಅದೂ ನಮ್ಮಂಥದೇ ಊರು. ನಾವೆಲ್ಲಾ ಕಪ್ ಗೆಲ್ಲುತ್ತೇವೆ ಎಂದು ಹೇಳುತ್ತಿಲ್ಲ. ಸುಸ್ತಾಗುವ ತನಕ ಓಡಬೇಕು, ಅಷ್ಟೇ.

ಆದ್ದರಿಂದ ಗುರುಗಳಲ್ಲಿ ನನ್ನ ವಿನಂತಿ. ವಾರದ ಎರಡು ಆಟದ ಪೀರಿಯಡ್ಡಿನಲ್ಲಿ ಒಂದರಲ್ಲಿ ಮೈದಾನ ಪೂರ್ತಿ ಹುಡುಗಿಯರಿಗೆ ಬಿಡಬೇಕು. ಅವತ್ತು ಹುಡುಗರು ಬದಿಯಲ್ಲಿ ಕಬಡ್ಡಿ ಆಡಲಿ ಅಥವಾ ನಮ್ಮ ಪಾಯಿಂಟು ಬರೆಯಲಿ. ಮನೆಯಲ್ಲಿ ಕಳಿಸುವುದಿಲ್ಲ ಎನ್ನುವ ಹುಡುಗಿಯರ ಅಪ್ಪ ಅಮ್ಮಂದಿರಿಗೆ ಮುಂದಿನ ಪೋಷಕರ ಸಭೆಯಲ್ಲಿ ತಾವು ಒಂದು ಮಾತು ಹೇಳಬೇಕು, ನಾವು ಹೇಳಿದರೆ ಕೇಳುವುದಿಲ್ಲ. ದೊಡ್ಡಮ್ಮ ತಾವೂ ಸಭೆಗೆ ಬರುತ್ತೇನೆ ಎಂದಿದ್ದಾರೆ.

ಖೋಖೋಗೆ ನೆಲದ ಮೇಲೆ ನಾಲ್ಕು ಅಡಿ ನಿಲ್ಲುವ ಎರಡು ಕಂಬ ಬೇಕು. ಒಂದನ್ನು ನಮ್ಮ ತಾತ ಹಿತ್ತಲಿನ ಸರ್ವೆ ಮರದಿಂದ ಕಡಿದು ಕೊಡುತ್ತಾರೆ. ಇನ್ನೊಂದನ್ನು ಯಾರ ಮನೆಯಿಂದ ತರಬಹುದು, ಶನಿವಾರದೊಳಗೆ ನನಗೆ ತಿಳಿಸಿ.

ಇಂತಿ,
ಏಳನೇ ತರಗತಿಯ ಒಬ್ಬ ವಿದ್ಯಾರ್ಥಿನಿ